ಒಂದೇ ನಾಯ್ಸ್, ಎರಡು ಗ್ರಾಫ್

ಓದುಗರೊಬ್ಬರು ಕೇಳಿದ್ದಾರೆ: ‘ಪಿಯರ್ ರಿವ್ಯೂ ಮುಗಿಸಿ ನೇಚರ್‌ನಂಥ ಪತ್ರಿಕೆಯಲ್ಲಿ ಬಂದ ಸಂಶೋಧನೆಯೂ ಆಮೇಲೆ ಸುಳ್ಳೆಂದು ತಿಳಿಯುವುದಾದರೆ, ಆ ರೆಫರಿಗಳು ನೋಡಿದ್ದಾದರೂ ಏನನ್ನು?’ ಪ್ರಶ್ನೆಯಲ್ಲಿ ಸಿಟ್ಟಿದೆ, ನ್ಯಾಯವೂ ಇದೆ.

ರೆಫರಿ ಎಂದರೆ ಅದೇ ಕ್ಷೇತ್ರದ ಇನ್ನೊಬ್ಬ ಸಂಶೋಧಕ. ಸಾಮಾನ್ಯವಾಗಿ ಸಂಭಾವನೆ ಇಲ್ಲ, ಹೆಸರೂ ಹೊರಗೆ ಬರುವುದಿಲ್ಲ. ಪಾಠ, ಲ್ಯಾಬು, ಅನುದಾನದ ಅರ್ಜಿಗಳ ನಡುವೆ ಬಿಡುವು ಮಾಡಿಕೊಂಡು ಪೇಪರ್ ಓದಬೇಕು. ವಾದ ನಿಲ್ಲುತ್ತದೆಯೇ, ಹಿಂದಿನವರ ಕೆಲಸವನ್ನು ಹೆಸರಿಸಿದ್ದಾರೆಯೇ, ಕಂಡದ್ದಕ್ಕಿಂತ ಹೆಚ್ಚು ಹೇಳಿಕೊಂಡಿದ್ದಾರೆಯೇ, ಇಷ್ಟನ್ನು ಅವರು ನೋಡಬಲ್ಲರು. ಅಳತೆ ನಿಜಕ್ಕೂ ನಡೆದಿದೆಯೇ ಎಂದು ನೋಡಲು ಅವರಿಗೆ ದಾರಿಯಿಲ್ಲ. ನಡೆದಿದೆ ಎಂದು ನಂಬಿಕೊಂಡೇ ಓದಲು ಕೂರುತ್ತಾರೆ. ಅಂದಹಾಗೆ, ಎಲ್ಲ ಪೇಪರ್‌ಗಳೂ ರೆಫರಿಗಳ ಬಳಿ ಹೋಗಲೇಬೇಕೆಂದು ನೇಚರ್ ನಿಯಮ ಮಾಡಿದ್ದೇ 1973ರಲ್ಲಿ. ಅದಕ್ಕೆ 20 ವರ್ಷ ಮೊದಲು ಅಲ್ಲಿ ಬಂದ ವಾಟ್ಸನ್–ಕ್ರಿಕ್ ಜೋಡಿಯ ಡಿಎನ್‌ಎ ಪೇಪರನ್ನು ಯಾವ ರೆಫರಿಯೂ ನೋಡಿರಲಿಲ್ಲ.

ಅಳತೆ ನಡೆದಿದೆ ಎಂಬ ರೆಫರಿಗಳ ಈ ನಂಬಿಕೆಯನ್ನು ಯಾನ್ ಹೆಂಡ್ರಿಕ್ ಶೋನ್ ಬಳಸಿಕೊಂಡಷ್ಟು ಸಲೀಸಾಗಿ ಭೌತವಿಜ್ಞಾನದಲ್ಲಿ ಬೇರೆ ಯಾರೂ ಬಳಸಿಕೊಂಡಿರಲಾರರು. ಜರ್ಮನಿಯ ಕೋನ್‌ಸ್ಟಾಂಜ್‌ನಲ್ಲಿ ಡಾಕ್ಟರೇಟ್ ಮುಗಿಸಿ, ಟ್ರಾನ್ಸಿಸ್ಟರ್ ಹುಟ್ಟಿದ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ ತರುಣ. ಇಂಗಾಲದ ಸಂಯುಕ್ತಗಳ ಹರಳುಗಳಿಂದ ಅತಿವಾಹಕ (ವಿದ್ಯುತ್ತಿಗೆ ತಡೆಯನ್ನೇ ಒಡ್ಡದ ವಸ್ತು), ಲೇಸರ್, ಕೊನೆಗೆ ಅಣುಗಳ ಒಂದೇ ಪದರದಿಂದ ಟ್ರಾನ್ಸಿಸ್ಟರ್, ಹೀಗೆ ಒಂದಾದ ಮೇಲೊಂದು ಸಾಧನೆ. 2001ರಲ್ಲಿ ಸರಾಸರಿ 8 ದಿನಕ್ಕೊಂದು ಪೇಪರಿನಲ್ಲಿ ಆತನ ಹೆಸರಿತ್ತು. ಎಂಟು ದಿನದಲ್ಲಿ ಒಂದು ಸ್ಯಾಂಪಲ್ ಸರಿಯಾಗಿ ತಯಾರಾದರೆ ಅದೇ ಹೆಚ್ಚು ಎನ್ನುವ ಕ್ಷೇತ್ರ ಇದು! ಬೇರೆ ಲ್ಯಾಬುಗಳಲ್ಲಿ ಪ್ರಯೋಗ ಕೈಕೊಟ್ಟಾಗ, ಶೋನ್ ಕೈಚಳಕ ನಮಗಿಲ್ಲ ಎಂದು ಎಷ್ಟೋ ಮಂದಿ ತಮ್ಮನ್ನೇ ಹಳಿದುಕೊಂಡರು.

ಗುಟ್ಟು ಬಿಟ್ಟುಕೊಟ್ಟದ್ದು ನಾಯ್ಸ್. ಯಾವ ಉಪಕರಣದಲ್ಲಿ ಅಳೆದರೂ ಗ್ರಾಫಿನ ಗೆರೆ ನುಣುಪಾಗಿರುವುದಿಲ್ಲ. ತಂತಿಯಲ್ಲಿ ಎಲೆಕ್ಟ್ರಾನುಗಳ ತಳಮಳ, ತಾಪಮಾನದ ಸಣ್ಣ ಏರಿಳಿತ, ಆಂಪ್ಲಿಫೈಯರಿನ ಗೊರಗೊರ ಎಲ್ಲ ಸೇರಿ ಗೆರೆ ಸಣ್ಣಗೆ ನಡುಗುತ್ತದೆ. ಒಂದೇ ಪ್ರಯೋಗವನ್ನು ಎರಡು ಸಲ ಮಾಡಿದರೆ ಗೆರೆಯ ಒಟ್ಟು ಆಕಾರ ಹೊಂದಬೇಕು, ನಡುಕ ಹೊಂದಬಾರದು. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರಿಗೆ ಇದು ಚೆನ್ನಾಗಿ ಗೊತ್ತು. ಇಬ್ಬರು ಹುಡುಗರ ಲೆಕ್ಕದ ಉತ್ತರ ಒಂದೇ ಬಂದರೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ, ಬರಲೇಬೇಕಲ್ಲ. ಇಬ್ಬರೂ ಐದನೇ ಸಾಲಿನಲ್ಲಿ ‘ಗುಣಾಕಾರ’ವನ್ನು ‘ಗುಣಕಾರ’ ಎಂದು ಬರೆದು, ಏಳನೇ ಸಾಲಿನಲ್ಲಿ ಒಂದೇ ದಶಕ ಬಿಟ್ಟು, ಒಂಬತ್ತರಲ್ಲಿ ಒಂದೇ ಅಂಕಿ ಹೊಡೆದುಹಾಕಿದ್ದರೆ ಮಾತ್ರ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ. ಸರಿಯುತ್ತರದಲ್ಲಿ ಹೋಲಿಕೆ ಸಹಜ, ತಪ್ಪಿನಲ್ಲಿ ಹೋಲಿಕೆ ನಕಲು.

2002ರ ವಸಂತದಲ್ಲಿ ಪ್ರಿನ್ಸ್‌ಟನ್‌ನ ಲಿಡಿಯಾ ಸೋನ್, ಕಾರ್ನೆಲ್‌ನ ಪಾಲ್ ಮೆಕ್ಯುಯೆನ್ ಮಾಡಿದ್ದು ಈ ಮೇಷ್ಟ್ರ ಕೆಲಸವನ್ನೇ. ಬೇರೆ ಬೇರೆ ಪ್ರಯೋಗಗಳದೆಂದು ಅಚ್ಚಾದ ಶೋನ್ ಗ್ರಾಫುಗಳಲ್ಲಿ ನಡುಕ ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು ಕರಾರುವಾಕ್ಕಾಗಿ ಹೊಂದಿಕೊಳ್ಳುತ್ತಿತ್ತು. ತಪ್ಪಿ ಬೇರೆ ಗ್ರಾಫ್ ಕಳಿಸಿಬಿಟ್ಟೆ ಎಂದ ಶೋನ್. ಸ್ಟ್ಯಾನ್‌ಫರ್ಡ್‌ನ ಮಾಲ್ಕಮ್ ಬೀಸ್ಲಿ ಅಧ್ಯಕ್ಷತೆಯ ತನಿಖಾ ಸಮಿತಿ ಮೂಲ ದತ್ತಾಂಶ ಕೇಳಿತು. ಕ್ರಮಬದ್ಧವಾದ ಲ್ಯಾಬ್ ನೋಟ್‌ಬುಕ್ ಇರಲಿಲ್ಲ, ಕಂಪ್ಯೂಟರಿನಲ್ಲಿ ಜಾಗ ಸಾಲದೆ ಫೈಲುಗಳನ್ನು ಅಳಿಸಿದ್ದ, ಸ್ಯಾಂಪಲ್‌ಗಳು ಹಾಳಾಗಿದ್ದವು ಅಥವಾ ಕಸಕ್ಕೆ ಹೋಗಿದ್ದವು. ಕೆಲವು ಗೆರೆಗಳಂತೂ ಅಳತೆಯವೇ ಅಲ್ಲ, ಸೂತ್ರಕ್ಕೆ ಅಂಕಿ ಹಾಕಿ ಪಡೆದವು. 24 ಆರೋಪಗಳಲ್ಲಿ 16 ಸಾಬೀತಾದವು. ಸೆಪ್ಟೆಂಬರ್‌ನಲ್ಲಿ ಕೆಲಸ ಹೋಯಿತು. ಸೈನ್ಸ್, ನೇಚರ್ ಪತ್ರಿಕೆಗಳಲ್ಲಿ ಬಂದಿದ್ದ ಪೇಪರ್‌ಗಳು ಸಾಲುಸಾಲಾಗಿ ಹಿಂತೆಗೆತವಾದವು.

ನಾಯ್ಸ್ ಓದುವ ಈ ಅಭ್ಯಾಸ ಬೆಂಗಳೂರಿಗೂ ಬಂತು. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು, ಚಿನ್ನದೊಳಗೆ ಬೆಳ್ಳಿಯ ನ್ಯಾನೋಕಣಗಳನ್ನು ಹುದುಗಿಸಿದ ವಸ್ತು 236 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅತಿವಾಹಕವಾಗುತ್ತದೆ ಎಂದು ಆರ್ಕೈವ್ ಜಾಲತಾಣದಲ್ಲಿ ಪೇಪರ್ ಹಾಕಿದರು. ಅಲ್ಲಿ ಪಿಯರ್ ರಿವ್ಯೂ ಇಲ್ಲ, ಯಾರು ಬೇಕಾದರೂ ಓದಬಹುದು. ನೊಬೆಲ್ ಮಾತು ಇಲ್ಲಿ ಶುರುವಾಗುವಷ್ಟರಲ್ಲಿ ಎಂಐಟಿಯ ಬ್ರಯಾನ್ ಸ್ಕಿನ್ನರ್, ಎರಡು ಭಿನ್ನ ಕಾಂತಕ್ಷೇತ್ರಗಳಲ್ಲಿ ಅಳೆದ ಹಸಿರು ಮತ್ತು ನೀಲಿ ಚುಕ್ಕಿಗಳತ್ತ ಬೊಟ್ಟು ಮಾಡಿದರು: ಗ್ರಾಫಿನ ಒಂದು ಭಾಗದಲ್ಲಿ ಒಂದನ್ನು ತುಸು ಜರುಗಿಸಿದರೆ ಸಾಕು, ನಡುಕಸಮೇತ ಇನ್ನೊಂದರ ಮೇಲೆ ಕೂರುತ್ತಿತ್ತು. ಹಾಗಾಗಲು ಭೌತಿಕ ಕಾರಣವೂ ಇದ್ದೀತು ಎಂದು ಮುಂಬೈಯ ಟಿಐಎಫ್‌ಆರ್‌ನ ಪ್ರತಾಪ್ ರಾಯ್‌ಚೌಧುರಿ ಒಂದು ವಿವರಣೆ ಮುಂದಿಟ್ಟರು. ಮರುವರ್ಷ ಬೆಂಗಳೂರಿನ ತಂಡ ಹೆಚ್ಚಿನ ದತ್ತಾಂಶದೊಡನೆ ಪೇಪರನ್ನು ಪರಿಷ್ಕರಿಸಿತು. ಇದನ್ನು ಶೋನ್ ಪ್ರಕರಣದ ಸಾಲಿಗೆ ಸೇರಿಸುವುದು ಅನ್ಯಾಯ, ಆದರೆ ಆ ಅತಿವಾಹಕತೆಯನ್ನು ಕ್ಷೇತ್ರ ಇನ್ನೂ ಒಪ್ಪಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ. ನೇಚರ್, ಸೈನ್ಸ್‌ಗಳ ರೆಫರಿಗಳನ್ನು ದಾಟಿ ಬಂದ ನಾಯ್ಸ್ ಬಯಲಾಗಲು ತಿಂಗಳುಗಟ್ಟಲೆ ಹಿಡಿಯಿತು. ರೆಫರಿಯೇ ಇಲ್ಲದ ಕಡೆ ಕೆಲವೇ ವಾರ ಸಾಕಾಯಿತು.

ಇನ್ನು ಶ್ರೇಯಸ್ಸಿನ ಲೆಕ್ಕ. ಶೋನ್ ಪೇಪರ್‌ಗಳಲ್ಲಿ ಹಿರಿಯರ ಹೆಸರುಗಳೂ ಇದ್ದವು. ಪ್ರಮುಖ ಅಳತೆಗಳನ್ನು ಮಾಡುತ್ತಿದ್ದವನು ಅವನೊಬ್ಬನೇ. ಕಣ್ಣಾರೆ ಕಂಡ ಸಹಲೇಖಕರಿಲ್ಲ. ಪ್ರಶಸ್ತಿ, ಉಪನ್ಯಾಸಗಳ ಕಾಲದಲ್ಲಿ ಇದು ಯಾರಿಗೂ ತೊಡಕೆನಿಸಲಿಲ್ಲ. ಬೀಸ್ಲಿ ಸಮಿತಿ ಸಹಲೇಖಕರೆಲ್ಲರನ್ನೂ ದುರ್ನಡತೆಯ ಆರೋಪದಿಂದ ಮುಕ್ತಗೊಳಿಸಿತು. ತಂಡದ ಹಿರಿಯ ಬರ್ಟ್ರಾಮ್ ಬ್ಯಾಟ್‌ಲಾಗ್ ಇನ್ನಷ್ಟು ಕಟುವಾಗಿ ಪ್ರಶ್ನಿಸಬೇಕಿತ್ತಲ್ಲವೇ ಎಂಬ ಮಾತೆತ್ತಿ ಅಲ್ಲಿಗೇ ಬಿಟ್ಟಿತು. ಕೋನ್‌ಸ್ಟಾಂಜ್ ವಿಶ್ವವಿದ್ಯಾಲಯ ಮಾತ್ರ ಬಿಡಲಿಲ್ಲ. ಡಾಕ್ಟರೇಟ್ ಪ್ರಬಂಧದಲ್ಲಿ ಮೋಸ ಸಿಗದಿದ್ದರೂ, ಆಮೇಲಿನ ನಡತೆಯಿಂದ ಪದವಿಯ ಯೋಗ್ಯತೆ ಹೋಯಿತೆಂದು 2004ರಲ್ಲಿ ಅದನ್ನೇ ಕಿತ್ತುಕೊಂಡಿತು. ಶೋನ್ ಕೋರ್ಟು ಹತ್ತಿದ. ಹತ್ತು ವರ್ಷ ನಡೆದ ಈ ವ್ಯಾಜ್ಯದಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯವೂ 2014ರಲ್ಲಿ ಆತನ ಪರ ನಿಲ್ಲಲಿಲ್ಲ.