ಫಿನಾಯಿಲ್‌ಗೆ ಬಗ್ಗದ ಘಾಟು

ಬೆಕ್ಕು ಸೋಫಾದ ಮೂಲೆಯಲ್ಲಿ ಉಚ್ಚೆ ಹೊಯ್ದದ್ದು ಆ ಗಳಿಗೆಯಲ್ಲಿ ಮನೆಯವರಿಗೆ ಗೊತ್ತಾಗದಿರುವುದೇ ಹೆಚ್ಚು. ಘಾಟು ಏಳುವುದು ಮಾರನೆಯ ದಿನ. ಒರೆಸಿ, ಒಣಗಿಸಿ, ಊದುಬತ್ತಿ ಹಚ್ಚಿ ಮರೆತಿರುತ್ತೇವೆ. ಜಡಿಮಳೆ ಹಿಡಿದು ಮನೆಯೊಳಗೆ ಥಂಡಿ ಕೂತ ದಿನ ಅದೇ ಮೂಲೆಯಿಂದ ಮತ್ತೆ ನಾತ. ಹೀಗೆ ತಡವಾಗಿ ಏಳುವುದಕ್ಕೆ ಒಂದು ಕಾರಣವಿದೆ.

ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ, ಗಂಧಕವುಳ್ಳ ಅಮೈನೊ ಆಮ್ಲವಿದೆ. ಅದಕ್ಕೆ ತನ್ನದೇ ವಾಸನೆಯಿಲ್ಲ. ಹೊರಬಿದ್ದ ಮೇಲೆ ನಿಧಾನವಾಗಿ ಒಡೆಯುತ್ತಾ ಥಯೋಲ್ ಗುಂಪಿಗೆ ಸೇರಿದ ಆವಿಗಳನ್ನು ಬಿಡುತ್ತದೆ. ಕಣ್ಣು ಮುಚ್ಚಿಕೊಂಡೂ ‘ಇದು ಬೆಕ್ಕಿನದೇ’ ಎನ್ನುವಂಥ ಘಾಟು ಇವುಗಳದ್ದು. ಇವುಗಳಲ್ಲಿ ಮುಖ್ಯವಾದ ಸಂಯುಕ್ತ ಹುರಿದ ಕಾಫಿಯ ಪರಿಮಳದಲ್ಲೂ ಎಳ್ಳಷ್ಟು ಇದೆ. ಫಿಲ್ಟರ್ ಕಾಫಿಯವರು ಮುನಿಸಿಕೊಳ್ಳಬಾರದು. ಇನ್ನೊಂದೆಡೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂಗು ಚುರುಗುಟ್ಟುವುದು ಅದರಿಂದ. ಫೆಲಿನೈನ್ ತಯಾರಿಕೆಯ ಹಿಂದೆ ಕಾಕ್ಸಿನ್ ಎಂಬ ಪ್ರೋಟೀನಿನ ಕೈವಾಡವಿದೆಯೆಂದು 2006ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಸಂತಾನಹರಣ ಮಾಡಿಸದ ಗಂಡುಬೆಕ್ಕಿನಲ್ಲಿ ಇದು ಅತಿ ಹೆಚ್ಚು. ಸಾಲದ್ದಕ್ಕೆ, ಬೆಕ್ಕಿನ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳು. ನೀರನ್ನು ಹಿಂಡಿ ಉಳಿಸಿಕೊಳ್ಳುವ ಮೂತ್ರಪಿಂಡ ಅವುಗಳಿಂದ ಬಂದ ಬಳುವಳಿ; ಹೊರಬರುವುದು ಗಟ್ಟಿ ಸಾರ.

ಹಾಗಾಗಿ ಬಟ್ಟೆಯಲ್ಲಿ ಉಳಿದ ಫೆಲಿನೈನ್, ಹೆಪ್ಪು ಹಾಕಿಟ್ಟ ಹಾಲಿನಂತೆ, ತನ್ನ ಪಾಡಿಗೆ ಕೆಲಸ ನಡೆಸಿರುತ್ತದೆ. ಸುಗಂಧ ಸಿಂಪಡಿಸಿದರೆ ಅವತ್ತಿನ ವಾಸನೆ ಮರೆಯಾದೀತು. ನಾಳೆಯದು ಇನ್ನೂ ಹುಟ್ಟಬೇಕಿದೆ.

ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದು ಫಿನಾಯಿಲ್ ಬಾಟಲಿಗೆ. ಇದು ನನ್ನ ದೃಷ್ಟಿಯಲ್ಲಿ ಅತಿ ಕೆಟ್ಟ ಆಯ್ಕೆ. ಅದರಲ್ಲಿರಬಹುದಾದ ಫೀನಾಲ್ ಜಾತಿಯ ರಾಸಾಯನಿಕಗಳನ್ನು ನಮ್ಮ ಯಕೃತ್ತು ಗ್ಲುಕುರೊನಿಕ್ ಆಮ್ಲಕ್ಕೆ ಜೋಡಿಸಿ ಹೊರಹಾಕುತ್ತದೆ. ಬೆಕ್ಕಿನಲ್ಲಿ ಆ ಕೆಲಸದ ಒಂದು ಮುಖ್ಯ ಜೀನ್ ಕೆಟ್ಟುಹೋಗಿದೆ. ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುವ ಪ್ರಾಣಿಗೆ ಅದು ವಿಷ. ಬ್ಲೀಚ್ ಕೂಡ ಬೇಡ, ಉಚ್ಚೆಯ ಅಮೋನಿಯಾ ಸೇರಿದರೆ ಕ್ಲೋರಮೀನ್ ಎಂಬ ಅನಿಲ ಎದ್ದು ನಮ್ಮ ಶ್ವಾಸಕೋಶಕ್ಕೇ ಕುತ್ತು.

ಹಸಿಯಿದ್ದಾಗಲೇ ಹಳೆಯ ಬಟ್ಟೆಯನ್ನು ಒತ್ತಿ ಹೀರಿಸಿ. ಉಜ್ಜಿದರೆ ಒಳಕ್ಕಿಳಿಯುತ್ತದೆ. ಧಾರಾಳವಾಗಿ ತಣ್ಣೀರು ಹಾಕಿ ಮತ್ತೆ ಹೀರಿಸಿ. ಅನಂತರ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣ ಹಾಕಿ, ತೇವ ಆರದಂತೆ ಗಂಟೆಗಟ್ಟಲೆ ಬಿಡಬೇಕು. ಸುರಿದ ಕೂಡಲೇ ಒರೆಸಿಬಿಟ್ಟರೆ ದುಡ್ಡು ದಂಡ. ಕೆಲವು ಬಾಟಲಿಗಳು ‘ಯೂರಿಕ್ ಆಮ್ಲದ ಹರಳು’ಗಳನ್ನು ದೂರುತ್ತವೆ. ಆದರೆ ಬೆಕ್ಕಿನ ದೇಹ ಆ ಆಮ್ಲದ ಬಹುಪಾಲನ್ನು ಅಲಾಂಟೊಯಿನ್ ಆಗಿ ಬದಲಿಸಿಬಿಡುತ್ತದೆ. ಅದನ್ನು ಹಾಗೇ ಹೊರಹಾಕುವವರು ಮನುಷ್ಯರು! ಥಯೋಲ್‌ಗಳಿಗೆ ಮದ್ದು ಆಕ್ಸಿಡೀಕರಣ. ಅಮೆರಿಕದ ರಸಾಯನಜ್ಞ ಪಾಲ್ ಕ್ರೆಬೌಮ್ ಸ್ಕಂಕ್ ಪ್ರಾಣಿಯ ನಾತಕ್ಕೆ ಸೂಚಿಸಿದ ಮಿಶ್ರಣ 1993ರಲ್ಲಿ ಪ್ರಕಟವಾಯಿತು: ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್, ಅಡುಗೆ ಸೋಡಾ, ಒಂದಿಷ್ಟು ಸೋಪಿನ ದ್ರವ. ಸ್ಕಂಕ್‌ನದೂ ಥಯೋಲ್‌ಗಳೇ ಆದ್ದರಿಂದ ಇಲ್ಲೂ ಅದು ನಡೆಯುತ್ತದೆ. ಬಣ್ಣದ ಬಟ್ಟೆ ಮಾಸಬಹುದು, ಮೊದಲು ಅಂಚಿನಲ್ಲಿ ಪರೀಕ್ಷಿಸಿ. ಕಲಸಿದ್ದನ್ನು ಮುಚ್ಚಿದ ಬಾಟಲಿಯಲ್ಲಿಟ್ಟರೆ ಅನಿಲ ತುಂಬಿ ಸಿಡಿದೀತು.

ತೊಳೆಯುವುದಾಯಿತು. ಸೋಫಾಕ್ಕೇ ಯಾಕೆ ಹೋಯಿತು? ಲಿಟರ್ ಬಾಕ್ಸ್, ಅಂದರೆ ಬೆಕ್ಕಿನ ಮಲಮೂತ್ರಕ್ಕೆಂದು ಇಡುವ ಡಬ್ಬಿಯ ಕಡೆ ನೋಡಿ. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಡ್ವರ್ಡ್ ಲೋ ಹೀರುವ ಜೇಡಿಮಣ್ಣನ್ನು ಬೆಕ್ಕಿಗೆಂದು ಮಾರುವ ತನಕ ಮರಳು, ಬೂದಿಗಳೇ ಗತಿ. ಈಗ ಗಂಟುಗಟ್ಟುವ ಬೆಂಟೊನೈಟ್ ಜೇಡಿಯ ಕಾಲ, ನಮ್ಮ ಕಛ್‌ನಲ್ಲೂ ಅದರ ಗಣಿಗಳಿವೆ. ಬಹಳಷ್ಟು ಬೆಕ್ಕುಗಳಿಗೆ ನಯವಾದ, ಸುವಾಸನೆಯಿಲ್ಲದ ಹುಡಿ ಇಷ್ಟ. ಲ್ಯಾವೆಂಡರ್ ಪರಿಮಳ ನಮ್ಮ ಶೋಕಿ. ಡಬ್ಬಿ ಬೆಕ್ಕಿನ ಉದ್ದದ ಒಂದೂವರೆಯಷ್ಟಿರಲಿ. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ಡಬ್ಬಿ, ಬೇರೆ ಬೇರೆ ಜಾಗದಲ್ಲಿ. ಗುಡುಗುಟ್ಟುವ ವಾಷಿಂಗ್ ಮೆಷಿನ್ ಪಕ್ಕ ಇಡಬೇಡಿ. ದಿನವೂ ಬಳಿಯಬೇಕು. ಟಾಕ್ಸೊಪ್ಲಾಸ್ಮಾ ಪರಾವಲಂಬಿಯ ಅಂಡಕೋಶಗಳು ಸೋಂಕು ಹಬ್ಬಿಸುವಷ್ಟು ಬಲಿಯಲು ಮಲದಲ್ಲಿ 1ರಿಂದ 5 ದಿನ ಬೇಕು ಎಂಬುದೂ ಇದಕ್ಕೆ ಕಾರಣ. ಗರ್ಭಿಣಿಯರು ಈ ಕೆಲಸ ಬೇರೆಯವರಿಗೆ ಬಿಡಲಿ.

ಬಾಲ ಎತ್ತಿ, ನಡುಗಿಸುತ್ತಾ, ನಿಂತಲ್ಲೇ ಗೋಡೆಗೆ ಚಿಮ್ಮಿಸಿದರೆ ಅದು ಗಡಿ ಗುರುತಿಸುವ ಕೆಲಸ. ಡಬ್ಬಿ ಬದಲಿಸಿದರೆ ನಿಲ್ಲದು. ಸಂತಾನಹರಣದ ನಂತರ ಸುಮಾರು ಹತ್ತರಲ್ಲಿ ಒಂಬತ್ತು ಗಂಡುಗಳು ಇದನ್ನು ಬಿಡುತ್ತವೆ.

ಬೈದು, ಮೂತಿ ತಿಕ್ಕುವುದರಿಂದ ಆಗುವುದು ಕೆಡುಕೇ. ಡಬ್ಬಿ ಬಿಡುವುದಕ್ಕೆ ಕಾಯಿಲೆಯೂ ಕಾರಣವಿರಬಹುದು. ಮೂತ್ರಕೋಶದ ಉರಿಯೂತದಿಂದ ಬಳಲುವ ಬೆಕ್ಕುಗಳಲ್ಲಿ ಅನೇಕಕ್ಕೆ ಸೋಂಕೇ ಇರುವುದಿಲ್ಲ. ಹೊಸ ಬಾಡಿಗೆ ಮನೆ, ಹೊಸ ಮಗು, ಹೊಸ ಬೆಕ್ಕು ತಂದ ಒತ್ತಡ ಅದನ್ನು ಕೆರಳಿಸುತ್ತದೆ. ನೋವು ಕಂಡ ಡಬ್ಬಿಯನ್ನು ಬಿಟ್ಟು ಬೆಕ್ಕು ಮೆತ್ತನೆಯ ಜಾಗ ಹುಡುಕುತ್ತದೆ. ಗಂಡುಬೆಕ್ಕು ಮತ್ತೆ ಮತ್ತೆ ಕುಕ್ಕರಗಾಲಲ್ಲಿ ಕೂತು, ತಿಣುಕಿ, ಹನಿಯೂ ಬಾರದೆ ಕೂಗುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು.