ಜಿಂಕೆಗೆ ಬೆಲೆ ಕಟ್ಟಿದರೆ ಹುಲಿ ಕೊಟ್ಟಿಗೆಗೆ ಬರುತ್ತದೆ

ಅಮೆರಿಕದ ಟೆಕ್ಸಾಸ್‌ನಲ್ಲಿ ನಮ್ಮ ಚುಕ್ಕೆ ಜಿಂಕೆಗಳು ದೊಡ್ಡ ಸಂಖ್ಯೆಯಲ್ಲಿವೆ. ನಾಗರಹೊಳೆಯ ಹುಲ್ಲುಗಾವಲಲ್ಲಿ ಮೇಯುವ ಜಿಂಕೆಯದೇ ಜಾತಿ. 1930ರ ದಶಕದಲ್ಲಿ ಅಲ್ಲಿಗೆ ತಂದು ಬಿಟ್ಟವು ಈಗ ಅಲ್ಲಿನವೇ ಆಗಿವೆ. ಅಲ್ಲಿನ ಕಾನೂನಿಗೆ ಅದು ಹೊರನಾಡಿನ ಪ್ರಾಣಿ. ಹಾಗಾಗಿ ಬೇಟೆಯ ಲೈಸೆನ್ಸ್ ಇದ್ದು ಜಮೀನಿನ ಮಾಲೀಕ ಒಪ್ಪಿದರೆ ವರ್ಷದ ಯಾವ ತಿಂಗಳಲ್ಲಾದರೂ ಹೊಡೆಯಬಹುದು. ದಾರಿ ತೋರಿಸಲು ಗೈಡ್, ಕೂರಲು ಮರೆ, ಉಳಿಯಲು ಕೋಣೆ ಎಲ್ಲಕ್ಕೂ ದರ ಉಂಟು. ಬರಡು ಜಮೀನಿನ ಒಡೆಯರು ದನ ಸಾಕಿ ಗಳಿಸುವುದಕ್ಕಿಂತ ಹೆಚ್ಚನ್ನು ಇದರಿಂದ ಗಳಿಸುವುದೂ ಉಂಟು.

ಈ ಸುದ್ದಿ ಕೇಳಿದ ಕಾಡಂಚಿನ ರೈತರೊಬ್ಬರು ‘ನಮ್ಮಲ್ಲೂ ಏಕಾಗಬಾರದು?’ ಎಂದರೆ ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಹಂಪಾಪುರ ದಾಟಿ ಹೆಗ್ಗಡದೇವನಕೋಟೆ, ಅಂತರಸಂತೆಯ ಕಡೆಗೆ ಹೋದಂತೆ ಕಾಡು ಹತ್ತಿರವಾಗುತ್ತದೆ, ಹೊಲದ ಕಷ್ಟವೂ ಹೆಚ್ಚುತ್ತದೆ. ಹುರುಳಿ, ಅವರೆ, ರಾಗಿ ಪೈರು ಮೇಲೇಳುವ ಹೊತ್ತಿಗೆ ಜಿಂಕೆ ಹಿಂಡು ಬರುತ್ತದೆ, ಹಂದಿ ಬರುತ್ತದೆ, ಆನೆ ಬಂದರಂತೂ ಮುಗಿಯಿತು. ಅಟ್ಟಣೆಯ ಮೇಲೆ ಕೂತು ರಾತ್ರಿಯಿಡೀ ತಗಡು ಬಡಿಯುವವರಿಗೆ ಜಿಂಕೆಯ ಮೇಲೆ ಪ್ರೀತಿ ಇರಬೇಕೆಂದು ಪಟ್ಟಣದಲ್ಲಿ ಕೂತು ಹೇಳುವುದು ನ್ಯಾಯವಲ್ಲ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಲ್ಲಿ ಎಂ.ಡಿ. ಮಧುಸೂದನ್ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅಲ್ಲಿನ ಕುಟುಂಬಗಳು ವರ್ಷಕ್ಕೆ ತಮ್ಮ ಧಾನ್ಯದಲ್ಲಿ ನೂರಕ್ಕೆ ಸುಮಾರು 11 ಪಾಲನ್ನು ಆನೆಗೂ ಜಾನುವಾರಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನು ಹುಲಿ ಚಿರತೆಗಳಿಗೂ ಕಳೆದುಕೊಳ್ಳುತ್ತಿದ್ದವು.

‘ಹೊಲ ನಮ್ಮದು, ಪೈರು ನಮ್ಮದು, ನಷ್ಟವೂ ನಮ್ಮದು. ಹೊರಗಿನವರು ಬಂದು ಹಣ ಕೊಟ್ಟು ನಾಲ್ಕು ಜಿಂಕೆ ಹೊಡೆದರೆ ನಷ್ಟ ತುಂಬುತ್ತದೆ, ಕಾಟವೂ ಕಡಿಮೆಯಾಗುತ್ತದೆ’ ಎಂಬುದು ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಟೆಕ್ಸಾಸ್‌ನ ಆ ಬೇಟೆಯ ಜಮೀನುಗಳಲ್ಲಿ ಹುಲಿ ಇಲ್ಲ, ಸೀಳುನಾಯಿ ಇಲ್ಲ, ಚಿರತೆ ಇಲ್ಲ. ನಮ್ಮಲ್ಲಿ ಮೂರೂ ಇವೆ, ಮೂರಕ್ಕೂ ಆಹಾರ ಇದೇ ಜಿಂಕೆ. ಬ್ರಿಟಿಷರು ಅಂಡಮಾನ್ ದ್ವೀಪಗಳಿಗೆ ಒಯ್ದು ಬಿಟ್ಟ ಜಿಂಕೆಗಳು, 19ನೇ ಶತಮಾನದಲ್ಲಿ ಹವಾಯಿಗೆ ಕಾಣಿಕೆಯಾಗಿ ಹೋದ ಜಿಂಕೆಗಳು ಮಿತಿ ಮೀರಿ ಬೆಳೆದದ್ದೂ ತಿನ್ನುವವರಿಲ್ಲದ ಕಾರಣಕ್ಕೆ. ಅಂಥ ಕಡೆ ಕೋವಿ ಒಂದು ಉಪಾಯವಾಗಬಹುದು. ಕಬಿನಿಯ ಎರಡು ದಡಗಳಲ್ಲಿ ಅದು ಬೇರೆಯದೇ ಪರಿಣಾಮ ತರುತ್ತದೆ.

ಆ ಪರಿಣಾಮವನ್ನು ಊಹಿಸಬೇಕಿಲ್ಲ, ಅಂಕಿಗಳಿವೆ. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಗೆರೆ ಹಿಡಿದು ನಡೆದು ಎಣಿಸಿದಾಗ ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆಗಳಿದ್ದವು. ಕಡವೆ ಐದಾರು, ಕಾಟಿ ಒಂಬತ್ತು ಹತ್ತು. ಏಷ್ಯಾದ ಕಾಡುಗಳಲ್ಲಿ ಇಷ್ಟು ಸಮೃದ್ಧಿ ಅಪರೂಪ. ಅದೇ ಜೋಡಿ 1995ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ ಇಲ್ಲಿನ ಹುಲಿ ಹಿಡಿಯುವ ಪ್ರಾಣಿಯ ಸರಾಸರಿ ತೂಕ ಸುಮಾರು 91 ಕೆ.ಜಿ.; ಚಿರತೆಯದು 38, ಸೀಳುನಾಯಿಯದು 43. ಹುಲಿ ಕಾಟಿಗೂ ಕಡವೆಗೂ ಕೈಹಾಕಬಲ್ಲದು. ಚಿರತೆ ಮತ್ತು ಸೀಳುನಾಯಿಯ ಹೊಟ್ಟೆ ಹೆಚ್ಚಾಗಿ ಜಿಂಕೆಯಿಂದಲೇ ತುಂಬಬೇಕು.

ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ 50 ಪ್ರಾಣಿಗಳು ಬೇಕು ಎಂಬುದು ಕಾರಂತರ ಲೆಕ್ಕ. ಹುಲಿ ತನ್ನ ಸುತ್ತಲಿನ ಬೇಟೆಪ್ರಾಣಿಗಳಲ್ಲಿ ವರ್ಷಕ್ಕೆ ಹತ್ತರಲ್ಲೊಂದು ಪಾಲನ್ನಷ್ಟೇ ತೆಗೆಯುತ್ತದೆ. ಹಾಗಾದರೆ ಒಂದು ಹುಲಿ ನೆಮ್ಮದಿಯಾಗಿ ಬದುಕಲು 500 ಪ್ರಾಣಿಗಳ ಹಿಂಡು ಕಾಡಿನಲ್ಲಿ ನಿಂತಿರಬೇಕು. 2022ರ ಹುಲಿ ಗಣತಿಯಲ್ಲಿ ನಾಗರಹೊಳೆ ಮೀಸಲಿನೊಳಗೆ 141 ಹುಲಿಗಳು, ಪಕ್ಕದ ಬಂಡೀಪುರದಲ್ಲಿ 150. ನಾಗರಹೊಳೆಯ ಹುಲಿಗಳಿಗಷ್ಟೇ ವರ್ಷಕ್ಕೆ 7,000 ಪ್ರಾಣಿಗಳು ಬೇಕು, ಅದರ ಹಿಂದೆ 70,000ದ ಬಳಗ ಬೇಕು. ಇದು ಒರಟು ಗುಣಾಕಾರವೇ ಇರಬಹುದು, ಆದರೂ ಪ್ರಮಾಣ ತಿಳಿಯಲು ಸಾಕು. ಚಿರತೆ, ಸೀಳುನಾಯಿಗಳ ಪಾಲನ್ನು ಇದಕ್ಕೆ ಇನ್ನೂ ಸೇರಿಸಿಲ್ಲ.

ಜಿಂಕೆ ಎಂಟು ತಿಂಗಳ ಹತ್ತಿರ ಗಬ್ಬ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಆ ಮರಿಗಳಲ್ಲಿ ಬೆಳೆದು ದೊಡ್ಡವಾಗುವುದು ಕೆಲವೇ. ವರ್ಷವರ್ಷ ಹುಟ್ಟುವ ಈ ಬಡ್ಡಿಯನ್ನು ಹುಲಿ, ಚಿರತೆ, ಸೀಳುನಾಯಿಗಳು ಈಗಾಗಲೇ ತಿಂದು ಮುಗಿಸುತ್ತಿವೆ. ಅಲ್ಲಿಗೆ ಬರುವ ಬೇಟೆಗಾರ ಕೈಹಾಕುವುದು ಅಸಲಿಗೆ. ‘ಹೆಚ್ಚಾದ ಜಿಂಕೆ’ ಎಂಬ ಮಾತು ಹೊಲದ ಬದುವಿನ ಮೇಲೆ ನಿಂತಾಗ ನಿಜವೆನಿಸುತ್ತದೆ, ಕಾಡಿನ ಲೆಕ್ಕಕ್ಕೆ ಕೂರುವುದಿಲ್ಲ.

‘ಕಾಡಿನೊಳಗಿನವು ಇರಲಿ, ನಾವು ಹೊಡೆಯುವುದು ಹೊರಗೆ ಬಂದವನ್ನು’ ಎನ್ನುವವರಿದ್ದಾರೆ. ನಿಜವಾದ ಅಪಾಯ ಶುರುವಾಗುವುದೇ ಅಲ್ಲಿಂದ. ಇಗೋರ್ ಖೊರೊಝ್ಯಾನ್ ಮತ್ತು ಸಂಗಡಿಗರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ 2015ರಲ್ಲಿ ಒಂದು ಲೇಖನ ಪ್ರಕಟಿಸಿದರು. ದೊಡ್ಡ ಬೆಕ್ಕುಗಳು ಯಾವಾಗ ಜಾನುವಾರಿಗೆ ತಿರುಗುತ್ತವೆ ಎಂಬುದು ಪ್ರಶ್ನೆ. ಚದರ ಕಿಲೋಮೀಟರಿಗೆ ಕಾಡುಪ್ರಾಣಿಗಳ ಒಟ್ಟು ತೂಕ ಸುಮಾರು 812 ಕೆ.ಜಿ.ಗಿಂತ ಕೆಳಗಿಳಿದರೆ ದನಗಳ ಮೇಲಿನ ದಾಳಿ ಏರುತ್ತದೆ, 545 ಕೆ.ಜಿ.ಗಿಂತ ಇಳಿದರೆ ಕುರಿ ಮೇಕೆಗಳ ಮೇಲೂ ಏರುತ್ತದೆ ಎಂದು ಅವರು ಕಂಡರು. ಜಿಂಕೆಗೆ ಸರಾಸರಿ 50 ಕೆ.ಜಿ. ಎಂದು ಹಿಡಿದರೆ ಮೊದಲ ಗೆರೆ ಬೀಳುವುದು ಸುಮಾರು 250 ಎಕರೆಗೆ ಹದಿನಾರು ಜಿಂಕೆಗಳ ಹತ್ತಿರ. ನಾಗರಹೊಳೆಯ ಒಡಲಲ್ಲಿ ಪ್ರಾಣಿಗಳು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿವೆ, ಅಲ್ಲಿ ಹತ್ತು ಹೋದರೂ ಗೆರೆ ದೂರವೇ. ರೈತರ ಹೊಲ, ಕೆರೆಯಂಗಳ, ಕುರುಚಲು ಇರುವ ಅಂಚಿನಲ್ಲಿ ಜಿಂಕೆ ಮೊದಲೇ ವಿರಳ. ಅಲ್ಲಿ ಹೊಡೆದ ಒಂದೊಂದೂ ಗೆರೆಯನ್ನು ಹತ್ತಿರ ಎಳೆಯುತ್ತದೆ. ನೆಲೆ ಕಳೆದುಕೊಂಡ ಮುದಿ ಹುಲಿ, ತಾಯಿಯನ್ನು ಬಿಟ್ಟು ಹೊಸ ಜಾಗ ಹುಡುಕುವ ಎಳೆ ಹುಲಿ ಓಡಾಡುವುದೂ ಇದೇ ಅಂಚಿನಲ್ಲಿ.

ದೊಡ್ಡ ಕಾಡುಪ್ರಾಣಿ ಬಹುಪಾಲು ಇಲ್ಲವಾದ ಕಡೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಅಕೋಲೆ ತಾಲೂಕು ಉದಾಹರಣೆ. ಕಬ್ಬಿನ ಗದ್ದೆಗಳ ನಡುವೆ ಬದುಕುವ ಅಲ್ಲಿನ ಚಿರತೆಗಳ ಹಿಕ್ಕೆಯನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಪರೀಕ್ಷಿಸಿದರು. ತಿಂದ ಆಹಾರದ ತೂಕದಲ್ಲಿ ನೂರಕ್ಕೆ 87ರಷ್ಟು ಸಾಕುಪ್ರಾಣಿಗಳದು, ನಾಯಿಯದೊಂದೇ 39. ಹೊಟ್ಟೆ ತುಂಬಿಸಿಕೊಳ್ಳಲು ಚಿರತೆ ಮನೆಯಂಗಳಕ್ಕೇ ಬರಬೇಕಾಗಿತ್ತು.

ಪ್ರಾಣಿ ಹಾಗೆ ಊರಂಚಿಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಭಾಗದ ರೈತರು ಹುಲಿಗೆ ಬಲಿಯಾದರು. ಜನರ ಸಿಟ್ಟು ರಸ್ತೆಗೆ ಬಂತು, ಸರ್ಕಾರ ನಾಗರಹೊಳೆ ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತು. ಅದೇ ವರ್ಷದ ಜೂನ್‌ನಲ್ಲಿ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರ ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತಿದ್ದವು. ಈ ಘಟನೆಗಳಿಗೆ ಜಿಂಕೆ ಬೇಟೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹುಲಿಗೂ ಹಸುವಿಗೂ ನಡುವಿನ ಅಂತರ ಎಷ್ಟು ತೆಳುವಾಗಿದೆ ಎಂಬುದಕ್ಕೆ ಅವು ಸಾಕ್ಷಿ. ಆ ಅಂತರದಲ್ಲಿ ನಿಂತಿರುವುದು ಜಿಂಕೆ, ಹಂದಿ, ಕಡವೆ. ಅವನ್ನು ಹಣಕ್ಕೆ ಮಾರಿದವರು ತಮ್ಮ ಕೊಟ್ಟಿಗೆಯ ಬೇಲಿಯನ್ನೇ ಮಾರಿದ ಹಾಗೆ.

ಕೋವಿಗೆ ಮೊದಲೇ ಉರುಳು ಇದೆ. ಬೈಕಿನ ಕ್ಲಚ್ ವೈರಿನಿಂದ ಹಂದಿಗೋ ಜಿಂಕೆಗೋ ಬೇಲಿಯ ಕಂಡಿಯಲ್ಲಿ ಕಟ್ಟಿದ ಉರುಳು ಯಾರ ಕೊರಳನ್ನೂ ಬಿಗಿಯುತ್ತದೆ. ಸಂಜಯ್ ಗುಬ್ಬಿ ಮತ್ತು ಸಂಗಡಿಗರು 2009ರಿಂದ 2020ರವರೆಗಿನ ಪ್ರಕರಣಗಳನ್ನು ಕಲೆಹಾಕಿದಾಗ ಕರ್ನಾಟಕದಲ್ಲಿ ನೂರಕ್ಕೂ ಹೆಚ್ಚು ಚಿರತೆಗಳು ಉರುಳಿಗೆ ಸಿಕ್ಕಿದ್ದವು, ಅರ್ಧಕ್ಕೂ ಹೆಚ್ಚು ಸತ್ತಿದ್ದವು. ಇವು ಬೆಳಕಿಗೆ ಬಂದವು ಮಾತ್ರ. ನಾಳೆ ‘ಅನುಮತಿ ಇರುವ’ ಜಿಂಕೆ ಮಾಂಸ ಎಂಬುದೊಂದು ಹುಟ್ಟಿದರೆ, ಉರುಳಿನ ಮಾಂಸವೂ ಅದೇ ತಟ್ಟೆಗೆ ಬಂದು ಬೀಳುತ್ತದೆ. ಎರಡನ್ನೂ ಬೇರೆ ಮಾಡುವ ದಾರಿ ಇಲ್ಲ. ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇದು ಯಾವ ಪ್ರಾಣಿ ಎಂದು ತಿಳಿದೀತು. ಅದು ಹೇಗೆ ಸತ್ತಿತು, ಯಾರ ಹೊಲದಲ್ಲಿ ಸತ್ತಿತು ಎಂದು ಮಾಂಸದ ತುಂಡು ಹೇಳುವುದಿಲ್ಲ. ಬೇಟೆ ನಡೆಯುವ ಕಾಡಿನಲ್ಲಿ ದೊಡ್ಡ ಪ್ರಾಣಿಗಳು ಎಷ್ಟು ಕುಸಿಯುತ್ತವೆ ಎಂಬುದನ್ನು ನಾಗರಹೊಳೆಯದೇ ಎರಡು ಭಾಗಗಳನ್ನು, ಕಾವಲು ಗಟ್ಟಿಯಾಗಿದ್ದ ಒಂದನ್ನೂ ಬೇಟೆ ನಡೆಯುತ್ತಿದ್ದ ಇನ್ನೊಂದನ್ನೂ, ಹೋಲಿಸಿ ಮಧುಸೂದನ್ ಮತ್ತು ಕಾರಂತರು ಎರಡು ದಶಕಗಳ ಹಿಂದೆಯೇ ತೋರಿಸಿದ್ದಾರೆ.

ಇನ್ನು ಕೋವಿಯ ಮಾತು. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ ಮೂರೂಕಾಲು ಎಕರೆಯ ಆಸುಪಾಸು. ಚೌಕವಾಗಿ ಅಳೆದರೆ ಒಂದು ಮಗ್ಗುಲು 120 ಮೀಟರ್ ಕೂಡ ಇಲ್ಲ. ಜಿಂಕೆ ಹೊಡೆಯುವ ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಎರಡು ಕಿಲೋಮೀಟರಿಗೂ ಆಚೆ ಹಾರಬಲ್ಲದು. ನಡುವೆ ಎಷ್ಟು ಜನರ ಪಹಣಿ, ಎಷ್ಟು ಅಟ್ಟಣೆ, ಪೈರು ಕಾಯುತ್ತ ಮಲಗಿದ ಎಷ್ಟು ಜನ! ರಾತ್ರಿ ಟಾರ್ಚಿನ ಬೆಳಕಿಗೆ ಬೇಟೆಗಾರನಿಗೆ ಕಾಣುವುದು ಹೊಳೆಯುವ ಎರಡು ಕಣ್ಣು. ಅದು ಗಬ್ಬದ ಜಿಂಕೆಯೋ, ಹಗ್ಗ ಕಿತ್ತುಕೊಂಡು ಬಂದ ನೆರೆಮನೆಯ ಕರುವೋ ಅವನಿಗೆ ತಿಳಿಯದು.

ಸೀಸದ ಗುಂಡಿನದು ಇನ್ನೊಂದು ಹಾನಿ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು. ಪ್ರಾಣಿಯ ಮೈಗೆ ಹೊಕ್ಕ ಸೀಸ ಸಣ್ಣ ಚೂರುಗಳಾಗಿ ಮಾಂಸದಲ್ಲಿ ಹರಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳು 1982ರಲ್ಲಿ 22ಕ್ಕೆ ಇಳಿದಿದ್ದವು. ಬೇಟೆಗಾರರು ಬಿಟ್ಟುಹೋದ ಕರುಳು, ಕಳೇಬರ ತಿಂದು ಮೈಗೇರಿದ ಸೀಸ ಅವುಗಳನ್ನು ಕೊಂದ ದೊಡ್ಡ ಕಾರಣಗಳಲ್ಲಿ ಒಂದು. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ನಾಗರಹೊಳೆ, ಬಂಡೀಪುರ, ವಯನಾಡಿನ ಆಕಾಶದಲ್ಲಿ ಉಳಿದುಕೊಂಡಿರುವ ರಣಹದ್ದುಗಳು ದಕ್ಷಿಣ ಭಾರತದ ಕೊನೆಯ ಕೆಲವೇ ನೆಲೆಗಳಲ್ಲಿ ಒಂದನ್ನು ಹಿಡಿದು ಕೂತಿವೆ. ಗಾಯಗೊಂಡು ತಪ್ಪಿಸಿಕೊಂಡ ಜಿಂಕೆ ಸತ್ತಾಗ ಮೊದಲು ಇಳಿಯುವವು ಅವೇ.

ಈ ನೆಲ ಬೇಟೆಯನ್ನು ಕಾಣದ್ದಲ್ಲ. ಮಹಾರಾಜರ ಕಾಲದ ಕಾಕನಕೋಟೆ ಬೇಟೆಗೂ ಖೆಡ್ಡಾಕ್ಕೂ ಹೆಸರಾಗಿತ್ತು. ದುಡ್ಡು ತೆಗೆದುಕೊಂಡು ವಿದೇಶಿಯರನ್ನು ಕರೆತರುವ ಶಿಕಾರಿ ಕಂಪನಿಗಳು ಸ್ವಾತಂತ್ರ್ಯದ ನಂತರವೂ ದೇಶದಲ್ಲಿದ್ದವು. 1972ರ ಹೊತ್ತಿಗೆ ಹುಲಿಗಳ ಎಣಿಕೆ 1,827ಕ್ಕೆ ಇಳಿದಾಗ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲೂ ಮೊದಲು ಬೇಟೆ ಲೈಸೆನ್ಸಿಗೆ ಅವಕಾಶವಿತ್ತು, 1991ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಕಬಿನಿಯ ಲಾಡ್ಜನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಹಿಂದೆ ಬೇಟೆಗಾರರೇ. ಆಮೇಲೆ ಅವರು ಅದೇ ಪ್ರಾಣಿಗಳನ್ನು ಜೀವಂತ ತೋರಿಸಿ ಒಂದು ಉದ್ಯಮವನ್ನೇ ಕಟ್ಟಿದರು. ಜೀವಂತ ಜಿಂಕೆಯನ್ನು ನೋಡಲು ನೂರು ಜನ ಹಣ ಕೊಡುತ್ತಾರೆ, ಹೊಡೆದದ್ದಕ್ಕೆ ಹಣ ಕೊಡುವವನು ಒಬ್ಬನೇ. ಆ ಹಣ ಕಾಡಂಚಿನ ರೈತನ ಕೈಗೆ ತಲುಪುತ್ತಿಲ್ಲ ಎಂಬ ದೂರು ಬೇರೆ, ನ್ಯಾಯವಾದದ್ದೂ ಹೌದು.

ಗಡಿಯಾಚೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಕೇರಳ 2022ರಲ್ಲಿ ಕಾಡುಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. 2016ರಲ್ಲಿ ಬಿಹಾರದ ಮೊಕಾಮಾಕ್ಕೆ ಹೊರಗಿನಿಂದ ಬಂದ ಗುರಿಕಾರರು ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಕೊಂದರು. ಹಂದಿಗೆ ತೆರೆದ ಬಾಗಿಲು ಜಿಂಕೆಗೂ ತೆರೆಯಲಿ ಎನ್ನುವ ಒತ್ತಾಯ ಇಲ್ಲಿಗೆ ಬರುವುದಿಲ್ಲ ಎಂದು ನಂಬಿ ಕೂರಲಾಗದು. ಅದು ಬರುವ ಮೊದಲು ಕೇಳಬೇಕಾದದ್ದು: ಎಷ್ಟು ಜಿಂಕೆ ಹೊಡೆಯಬಹುದೆಂದು ಹೇಳುವವರು ಎಷ್ಟು ಇವೆ ಎಂದು ಎಣಿಸಿದ್ದಾರೆಯೇ? ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯ ನಡಿಗೆ ಕಾಡಿನ ಬೀಟುಗಳಲ್ಲಿ ನಡೆಯುತ್ತದೆ, ಹುರುಳಿ ಹೊಲದಲ್ಲಲ್ಲ.

ಸದ್ಯದ ಕಾನೂನಿನಲ್ಲಿ ಸ್ವಂತ ಜಮೀನು ಎಂಬ ವಿನಾಯಿತಿ ಇಲ್ಲ. ಕೊಲ್ಲುವುದಷ್ಟೇ ಅಲ್ಲ, ಉರುಳು ಒಡ್ಡುವುದು, ಅಟ್ಟುವುದು, ಆಮಿಷ ಇಡುವುದು, ಪ್ರಯತ್ನ ಪಡುವುದು ಕೂಡ ಬೇಟೆಯೇ. 11ನೇ ಕಲಂ ಪ್ರಕಾರ ಬೆಳೆಗೆ ಅಪಾಯವೆಂದು ಲಿಖಿತ ಆದೇಶ ಕೊಡಬಹುದಾದದ್ದು ಅಧಿಕಾರಿ; ಅದರಲ್ಲಿ ಶೋಕಿಗೆ ಬಂದವನಿಗೆ ಟಿಕೆಟ್ ಹರಿಯಲು ಜಾಗವಿಲ್ಲ. ಬೆಂಗಳೂರಿನಿಂದ ಬಂದವನು ಕಾರು ಹತ್ತಿ ಹೋಗುತ್ತಾನೆ. ಸಿಕ್ಕಿಬೀಳುವವರು ಪಹಣಿಯಲ್ಲಿ ಹೆಸರಿರುವ ರೈತ ಮತ್ತು ಹೆಜ್ಜೆ ಹಿಡಿದು ದಾರಿ ತೋರಿಸಿದ ಹಾಡಿಯ ಜೇನುಕುರುಬ ಹುಡುಗ. ಮೂರು ವರ್ಷದವರೆಗೆ ಸಜೆ, ಲಕ್ಷದವರೆಗೆ ದಂಡ. ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆ ಎಂದಾದರೆ ಮೂರು ವರ್ಷ ಕನಿಷ್ಠ ಶಿಕ್ಷೆ.

ಜಿಂಕೆ ಹೊಲಕ್ಕೆ ಬರುವ ಕಾರಣವನ್ನು ಕಾಡಿನೊಳಗೆ ಹುಡುಕಬೇಕು. ಲಂಟಾನ ಬಂಡೀಪುರದ ಹುಲ್ಲನ್ನು ನುಂಗಿದೆ, ಸೆನ್ನ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರ ವಯನಾಡಿನಿಂದ ನಾಗರಹೊಳೆಯವರೆಗೆ ಹಬ್ಬಿ ಅಡಿಯಲ್ಲಿ ಏನೂ ಬೆಳೆಯಗೊಡುತ್ತಿಲ್ಲ. ಬೇರು ಸಮೇತ ಕೀಳುವ ಆ ಕೆಲಸಕ್ಕೆ ಹಾಡಿಯವರಿಗೂ ಕಾಡಂಚಿನ ಹಳ್ಳಿಯವರಿಗೂ ಕೂಲಿ ಕೊಡಬಹುದು, ವರ್ಷಗಟ್ಟಲೆ. ಬೆಳೆನಷ್ಟದ ಅರ್ಜಿಗೆ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆ ಇದೆ; ಅದನ್ನು ತುಂಬಿಸಿಕೊಡಲು 2015ರಿಂದ ವೈಲ್ಡ್ ಸೇವೆ ಯೋಜನೆಯವರು ಬಂಡೀಪುರ ನಾಗರಹೊಳೆಯ ಹಳ್ಳಿಗಳಲ್ಲಿ ಓಡಾಡುತ್ತಿದ್ದಾರೆ. ಅರಣ್ಯ ಇಲಾಖೆ ಈ ಸುಗ್ಗಿಗೆ ಮೊದಲು ಮಾಡಬೇಕಾದದ್ದು ಇಷ್ಟು: ಜಿಂಕೆ ತಿಂದ ಹುರುಳಿಯ ಹಣ ಹುರುಳಿ ಒಕ್ಕುವ ತಿಂಗಳಲ್ಲೇ ರೈತನ ಖಾತೆಗೆ ಬರಲಿ, ಅಂಚಿನ ಹಳ್ಳಿಗಳ ಹೊಲಗಳಲ್ಲೂ ಜಿಂಕೆ ಎಣಿಸುವ ನಡಿಗೆ ಶುರುವಾಗಲಿ, ಅದರ ಅಂಕಿ ಹಂಪಾಪುರದ ಗ್ರಾಮಸಭೆಯಲ್ಲಿ ಓದಿ ಹೇಳುವಂತಾಗಲಿ.