ಚಿತ್ರದುರ್ಗ ಪ್ರದೇಶದ ಲಿಂಗತ್ವ ಅಲ್ಪಸಂಖ್ಯಾತರು: ದೈನಂದಿನ ಭಯ ಮತ್ತು ಸಾಮಾಜಿಕ ಕಳಂಕ

ಹುಟ್ಟಿನಲ್ಲಿ ಗುರುತಿಸಲಾದ ಲಿಂಗಕ್ಕಿಂತ ಭಿನ್ನವಾದ ಲಿಂಗಭಾವವುಳ್ಳವರನ್ನು ಲಿಂಗತ್ವ ಅಲ್ಪಸಂಖ್ಯಾತರು ಎನ್ನಲಾಗುತ್ತದೆ. ಮಂಗಳಮುಖಿ, ತೃತೀಯ ಲಿಂಗಿ, ಹಿಜ್ರಾ ಎಂಬ ಹೆಸರುಗಳೂ ಬಳಕೆಯಲ್ಲಿವೆ. 2011ರ ಜನಗಣತಿಯಲ್ಲಿ ಕರ್ನಾಟಕದ 20,266 ಮಂದಿ ‘ಇತರೆ’ ಎಂಬ ಲಿಂಗವರ್ಗದಲ್ಲಿ ದಾಖಲಾದರು. ಮನೆಯವರೆದುರು ಗುರುತು ಹೇಳಿಕೊಳ್ಳಲು ಅಂಜಿದವರು ಇಂತಹ ಎಣಿಕೆಯಲ್ಲಿ ಸೇರುವುದು ಕಷ್ಟ.

ಭಕ್ತಿ ಮತ್ತು ತಿರಸ್ಕಾರ

ಮಧ್ಯ ಕರ್ನಾಟಕದಲ್ಲಿ ಯಲ್ಲಮ್ಮ, ಹುಲಿಗೆಮ್ಮ ದೇವಿಯರ ಆರಾಧನೆ ಪ್ರಬಲವಾಗಿದೆ. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರನ್ನು ಜೋಗಪ್ಪ ಅಥವಾ ಜೋಗತಿ ಎನ್ನುತ್ತಾರೆ. ಇವರು ಚೌಡಿಕೆ ನುಡಿಸಿ ಹಾಡುತ್ತಾ ಮನೆಬಾಗಿಲಿಗೆ ಬಂದಾಗ ಜನರು ಅಕ್ಕಿ, ಜೋಳ ನೀಡಿ ಕೈಮುಗಿಯುತ್ತಾರೆ. ಆದರೆ ಅದೇ ಮನೆಯ ಮಗ ಹೆಣ್ಣಿನಂತೆ ನಡೆದುಕೊಂಡರೆ ಹೊಡೆದು ‘ತಿದ್ದುವ’ ಪ್ರಯತ್ನ ನಡೆಯುತ್ತದೆ. ಪೂಜ್ಯತೆ ದೇವಿಗೆ ಸಲ್ಲುವುದೇ ಹೊರತು ವ್ಯಕ್ತಿಗೆ ಸಲ್ಲುವುದಿಲ್ಲ. ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯಲ್ಲಿರುವ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರು ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ ಬದುಕಿ, ಜೋಗತಿ ನೃತ್ಯದಲ್ಲಿ ಹೆಸರಾದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ನಿತ್ಯದ ಭಯಗಳು

ಮೊದಲ ಭಯ ಶಾಲೆಯಲ್ಲಿಯೇ ಆರಂಭವಾಗುತ್ತದೆ. ‘ಒಂಬತ್ತು’ ಎಂಬ ಸಂಖ್ಯೆಯನ್ನು ಬೈಗುಳವಾಗಿ ಬಳಸುವ ರೂಢಿ ಕನ್ನಡನಾಡಿನಲ್ಲಿ ವ್ಯಾಪಕವಾಗಿದೆ. ಹಾಜರಿ ಕರೆಯುವಾಗ ಆ ಅಂಕಿ ಬಂದೊಡನೆ ತರಗತಿ ನಗುವುದನ್ನು ಉಪಾಧ್ಯಾಯರೆಲ್ಲ ಬಲ್ಲರು, ತಡೆದವರು ಕಡಿಮೆ. ಗಂಡುಮಕ್ಕಳ ಶೌಚಾಲಯಕ್ಕೆ ಹೋಗಲು ಹೆದರಿ ದಿನವಿಡೀ ನೀರು ಕುಡಿಯದ ಮಕ್ಕಳು ಕ್ರಮೇಣ ಶಾಲೆ ಬಿಡುತ್ತಾರೆ.

ಊರು ಬಿಟ್ಟ ಮೇಲಿನ ಭಯಗಳು ಬೇರೆ. ಬಾಡಿಗೆ ಮನೆ ಸಿಗುವುದಿಲ್ಲ; ಸಿಕ್ಕರೂ ಬಾಡಿಗೆ ಹೆಚ್ಚು. ಬಸ್ಸಿನಲ್ಲಿ ಪಕ್ಕದ ಆಸನ ಖಾಲಿಯೇ ಉಳಿಯುತ್ತದೆ. ಆಸ್ಪತ್ರೆಯಲ್ಲಿ ಪುರುಷರ ಸಾಲೋ ಮಹಿಳೆಯರ ಸಾಲೋ ಎಂಬ ಪ್ರಶ್ನೆಗೆ ಎಲ್ಲರೆದುರು ಉತ್ತರಿಸಬೇಕಾಗುತ್ತದೆ. ಕೆಲಸ ದೊರೆಯದವರು ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಹೆದ್ದಾರಿಯ ಟೋಲ್ ಬಳಿಯೋ, ಹೊಸದುರ್ಗ ರೋಡ್, ಚಿಕ್ಕಜಾಜೂರು ಮಾರ್ಗದ ರೈಲುಗಳಲ್ಲಿಯೋ ಕೈಚಾಚಬೇಕಾಗುತ್ತದೆ. ಅಲ್ಲಿ ಪುಂಡರ ಭಯದೊಡನೆ 1975ರ ಭಿಕ್ಷಾಟನೆ ನಿಷೇಧ ಅಧಿನಿಯಮದ ಭಯವೂ ಸೇರುತ್ತದೆ. 2014ರ ನವೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ನೂರಕ್ಕೂ ಹೆಚ್ಚು ಲಿಂಗತ್ವ ಅಲ್ಪಸಂಖ್ಯಾತರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸಿದ್ದರು.

ಕಾನೂನಿನೊಳಗೆ ಸೇರಿದ ಸಂಶಯ

ಇವರು ಮಕ್ಕಳನ್ನು ಕದ್ದೊಯ್ಯುತ್ತಾರೆ ಎಂಬ ವದಂತಿಯೇ ಎಲ್ಲಕ್ಕಿಂತ ಅಪಾಯಕಾರಿಯಾದುದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಈ ಸಂಶಯದ ಮೇಲೆಯೇ ‘ನಪುಂಸಕ’ರ ಹೆಸರುಗಳನ್ನು ನೋಂದಾಯಿಸಲು ಅವಕಾಶ ನೀಡಿತ್ತು. ಬ್ರಿಟಿಷರು ಹೋದ ಮೇಲೂ ಆ ಭಾವನೆ ಹೋಗಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ ಸೇರಿಸಲಾದ 36ಎ ಪ್ರಕರಣವು ಬಹುಮಟ್ಟಿಗೆ ಅದೇ ಬಗೆಯ ನೋಂದಣಿಗೆ ಮತ್ತೆ ಎಡೆಮಾಡಿತು. ಇದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು. 2016ರ ತಿದ್ದುಪಡಿಯಲ್ಲಿ ಆ ಪದವನ್ನು ಕೈಬಿಡಲಾಯಿತು. ಪದ ಹೋದರೂ ವದಂತಿ ಉಳಿದಿದೆ: 2018ರ ಮೇ ತಿಂಗಳಿನಲ್ಲಿ ಹೈದರಾಬಾದಿನ ಚಂದ್ರಾಯಣಗುಟ್ಟದಲ್ಲಿ ವಾಟ್ಸ್ಆ್ಯಪ್ ಸಂದೇಶಗಳನ್ನು ನಂಬಿದ ಗುಂಪು ಒಬ್ಬ ಮಂಗಳಮುಖಿಯನ್ನು ಹೊಡೆದು ಕೊಂದಿತು.

ಹಕ್ಕುಗಳು

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತಮ್ಮ ಲಿಂಗವನ್ನು ತಾವೇ ನಿರ್ಧರಿಸುವ ಹಕ್ಕನ್ನು ಎತ್ತಿಹಿಡಿಯಿತು. 2017ರಲ್ಲಿ ಕರ್ನಾಟಕ ಸರ್ಕಾರವು ಪ್ರತ್ಯೇಕ ನೀತಿಯನ್ನು ಒಪ್ಪಿತು; ‘ಮೈತ್ರಿ’ ಯೋಜನೆಯಲ್ಲಿ ಮಾಸಾಶನವಿದೆ. ಕೇಂದ್ರದ 2019ರ ಕಾಯ್ದೆಯು ತಾರತಮ್ಯವನ್ನು ನಿಷೇಧಿಸಿತಾದರೂ, ಲೈಂಗಿಕ ದೌರ್ಜನ್ಯಕ್ಕೆ ಅದರ 18ನೆಯ ಪ್ರಕರಣ ವಿಧಿಸಿದ್ದು ಆರು ತಿಂಗಳಿಂದ ಎರಡು ವರ್ಷಗಳ ಶಿಕ್ಷೆಯನ್ನು ಮಾತ್ರ. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷಗಳು. ಈ ಅಂತರ ತೀವ್ರ ಟೀಕೆಗೆ ಗುರಿಯಾಗಿದೆ, ಅದು ನ್ಯಾಯವೂ ಹೌದು.

2021ರ ಜುಲೈನಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ನೀಡಿತು. ಆದರೆ ಹಾಜರಿಯ ನಗೆಗೆ ಅಂಜಿ ಹತ್ತನೆಯ ತರಗತಿಗೆ ಮುನ್ನವೇ ಶಾಲೆ ಬಿಟ್ಟವರಿಗೆ, ವಿದ್ಯಾರ್ಹತೆ ಕೇಳುವ ಬಹುಪಾಲು ಹುದ್ದೆಗಳಿಗೆ ಅರ್ಜಿ ಹಾಕುವುದೇ ಸಾಧ್ಯವಾಗುವುದಿಲ್ಲ.